ಪರದೇಶದ ಪಾಠಶಾಲೆಗೆ ನಮ್ಮೂರ ಇಂಗ್ಲಿಷ್ ಉಪಾಧ್ಯಾಯರು

ಕುಣಿಗಲ್ಲಿನ ವಾಚಕರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ಮಗಳು ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ, ಬಿ.ಎಡ್. ಮಾಡಿ, ನಾಲ್ಕು ವರ್ಷಗಳಿಂದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳಂತೆ. ಬಸ್ಸಿನ ಖರ್ಚು ಕಳೆದರೆ ಉಳಿಯುವ ಸಂಬಳ ನೆಂಟರೆದುರು ಹೇಳಿಕೊಳ್ಳುವಂಥದಲ್ಲ. ಹೀಗಿರುವಾಗ ತುಮಕೂರಿನ ಮಧ್ಯವರ್ತಿಯೊಬ್ಬನು, "ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿದ್ಧವಾಗಿದೆ. ಎರಡು ಲಕ್ಷ ಕೊಟ್ಟರೆ ಸರ್ಟಿಫಿಕೇಟು, ವೀಸಾ, ಟಿಕೇಟು ಎಲ್ಲ ನಮ್ಮದೇ" ಎಂದಿದ್ದಾನೆ. ಎರಡು ಲಕ್ಷವೆಂದರೆ ಮದುವೆಗೆಂದು ಕೂಡಿಟ್ಟ ಹಣ. ಕೊಡಬಹುದೇ, ಬಾರದೇ ಎಂಬುದು ತಂದೆಯ ಪ್ರಶ್ನೆ.

ಕೊಡಕೂಡದು. ಕಾರಣವನ್ನು ಮುಂದೆ ಹೇಳುತ್ತೇನೆ. ಆದರೆ ಕಾಗದದ ತುದಿಯಲ್ಲಿ ಅವರು ಸೇರಿಸಿರುವ ಇನ್ನೊಂದು ವಾಕ್ಯ ಮನಸ್ಸನ್ನು ಹೆಚ್ಚು ಕಲಕಿತು: "ನಮ್ಮದು ಕನ್ನಡದಲ್ಲೇ ಓದಿದ ಮನೆ. ಇಂಗ್ಲಿಷರೇ ಇರುವಾಗ ನಮ್ಮ ಹುಡುಗಿಯನ್ನು ಯಾರು ಕೇಳುತ್ತಾರೆ?" ಹಣದ ವಿಚಾರಕ್ಕೆ ಮುಂಚೆ ಈ ಅಳುಕನ್ನು ಕಳೆಯಬೇಕು. ಅಳುಕುಳ್ಳವರ ಜೇಬಿಗೇ ಮಧ್ಯವರ್ತಿಗಳ ಕೈ ಸಲೀಸಾಗಿ ಹೋಗುವುದು.

ಅದೇ ಜಿಲ್ಲೆಯ ಗುಬ್ಬಿಯ ಹಳೆಯ ಸಂಗತಿಯೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುಬ್ಬಿಯೆಂದೊಡನೆ ನಮಗೆಲ್ಲ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. ಆ ಕಂಪನಿ ಹುಟ್ಟುವುದಕ್ಕೂ ಹಲವು ದಶಕಗಳ ಮೊದಲು, 1837ರಲ್ಲಿ, ವೆಸ್ಲಿಯನ್ ಮಿಷನ್ನಿನ ತಾಮಸ್ ಹಾಡ್ಸನ್ ಎಂಬ ಪಾದ್ರಿ ಅಲ್ಲಿ ಬಿಡಾರ ಹೂಡಿದರು. 1839ರಲ್ಲಿ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಅಲ್ಲಿಗೆ ಬಂದರು. ಇಬ್ಬರೂ ಬೋಧಿಸಲು ಬಂದವರು. ಆದರೆ ಬಾಯಿ ತೆರೆಯಬೇಕಾದರೆ ಮೊದಲು ತಾವೇ ಕನ್ನಡದ ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳಬೇಕಾಯಿತು. ಆರ್ಥರ್ ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದರು. 1847ರಲ್ಲಿ ತಮ್ಮ ಮೈಸೂರು ಸೀಮೆಯ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಹಾಡ್ಸನ್ನರಾದರೋ 1859ರಲ್ಲಿ, ಹೊಸದಾಗಿ ಕನ್ನಡ ಕಲಿಯುವವರಿಗಾಗಿ, ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣವನ್ನೇ ಬರೆದರು.

ಗುಬ್ಬಿಯ ಪೇಟೆಯಲ್ಲಿ ಹುಟ್ಟಿದಂದಿನಿಂದ ಕನ್ನಡವಾಡಿದವರಿಗೆ ಕೊರತೆಯಿತ್ತೇ? 'ಮರವನ್ನು ಕಂಡೆ' ಎಂದರೂ ಸರಿ, 'ಮರ ಕಂಡೆ' ಎಂದರೂ ಸರಿ, ಆದರೆ 'ರಾಮನನ್ನು ಕಂಡೆ' ಎನ್ನಬೇಕಾದಲ್ಲಿ 'ರಾಮ ಕಂಡೆ' ಎನ್ನಬಾರದೇಕೆ ಎಂದು ಅವರನ್ನು ಕೇಳಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ಹಾಗೆ ಕೇಳುವ ಸಂದರ್ಭವೇ ಅವರ ಬಾಳಿನಲ್ಲಿ ಬಂದಿರಲಿಲ್ಲ. ಎಡವಿ ಕಲಿತವನಿಗೆ ಮಾತ್ರ ಕಲ್ಲೆಲ್ಲಿದೆಯೆಂದು ಗೊತ್ತು. ಇಂಗ್ಲಿಷಿನ 'ದಿ' ಎಂಬ ಪುಟ್ಟ ಪದವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅಂಥದೊಂದು ಇಲ್ಲ, ಥಾಯ್ ಭಾಷೆಯಲ್ಲಿಯೂ ಇಲ್ಲ. ಅದು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂದು ಕುಣಿಗಲ್ಲಿನ ಹುಡುಗಿ ಪಟ್ಟ ಪಾಡು ಅವಳಿಗೆ ಇನ್ನೂ ನೆನಪಿರುತ್ತದೆ. ಲಂಡನ್ನಿನಲ್ಲಿ ಹುಟ್ಟಿದವನಿಗೆ ಅದು ಉಸಿರಾಟದಂತೆ. ಉಸಿರಾಡುವುದನ್ನು ಹೇಳಿಕೊಡಲು ಅವನೂ ಹೊಸದಾಗಿ ಕಲಿಯಬೇಕು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿದರಲ್ಲ, ಅವರೇನು ಇಂಗ್ಲಿಷರ ಮನೆಯ ತೊಟ್ಟಿಲಲ್ಲಿ ಆಡಿದವರೇ?

ಇನ್ನೊಂದು ವಿಷಯವನ್ನು ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳಿಕೊಳ್ಳುವುದಿಲ್ಲ. ಇಂದು ಜಗತ್ತಿನ ಎಲ್ಲೆಡೆ ಇಂಗ್ಲಿಷ್ ಉಪಾಧ್ಯಾಯರ ತರಬೇತಿಯಲ್ಲಿ 'ಕೆಲಸದ ಮೂಲಕ ಕಲಿಕೆ' ಎಂಬ ಪದ್ಧತಿಯನ್ನು ಹೇಳಿಕೊಡುತ್ತಾರೆ. ಅದರ ಮೊದಲ ದೊಡ್ಡ ಪ್ರಯೋಗ ನಡೆದದ್ದು ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ನೆಲೆ. ಎನ್.ಎಸ್.ಪ್ರಭು ಎಂಬವರು ಅದರ ಸೂತ್ರಧಾರಿ. 1979ರಿಂದ 1984ರ ವರೆಗೆ ಅವರು ಮತ್ತು ಅವರ ಸಂಗಡಿಗರು ವ್ಯಾಕರಣದ ಉರುಹೊಡೆತವನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆಗಳನ್ನು ಇಟ್ಟರು. ಹಲವು ತರಗತಿಗಳ ವೇಳಾಪಟ್ಟಿ ನೋಡಿ ಒಬ್ಬ ಉಪಾಧ್ಯಾಯರ ವೇಳಾಪಟ್ಟಿಯನ್ನು ತಯಾರಿಸಿರಿ ಎಂಬಂಥ ಲೆಕ್ಕವನ್ನು ಒಡ್ಡಿದರು. ಮಗು ಲೆಕ್ಕ ಬಿಡಿಸುವ ಆತುರದಲ್ಲಿರುತ್ತದೆ, ಭಾಷೆ ಅದರ ಬೆನ್ನಿಗೆ ತಾನಾಗಿ ಬರುತ್ತದೆ. ಆ ಪ್ರಯೋಗದ ವಿವರವನ್ನೊಳಗೊಂಡ ಅವರ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ಅದಕ್ಕೆ ಲೋಕದಲ್ಲಿ ನಿಂತ ಹೆಸರು 'ಬೆಂಗಳೂರು ಪ್ರಾಜೆಕ್ಟ್'. ಬೆಂಗಳೂರಿನ ಹೆಸರು ಹೊತ್ತ ವಿದ್ಯೆಯನ್ನು ಬ್ಯಾಂಕಾಕಿನ ಸರ್ಟಿಫಿಕೇಟಿನಲ್ಲಿ ದುಡ್ಡು ಕೊಟ್ಟು ಕೊಳ್ಳುವಾಗ ಕುಣಿಗಲ್ಲಿನವರು ತಲೆ ತಗ್ಗಿಸಬೇಕಾದ್ದಿಲ್ಲ.

ಹಾಗೆಂದು ಹೊರಗಿನ ಲೋಕ ನಮಗಾಗಿ ಹೂಮಾಲೆ ಹಿಡಿದು ನಿಂತಿದೆಯೆಂದು ಭ್ರಮಿಸಬಾರದು. ಮಾತೃಭಾಷೆ ಇಂಗ್ಲಿಷಾದವನೇ ಆದರ್ಶ ಉಪಾಧ್ಯಾಯ ಎಂಬ ನಂಬಿಕೆ ಬಹಳ ಹಳೆಯದು. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕೂಡಿದ ಕಾಮನ್‌ವೆಲ್ತ್ ಸಮ್ಮೇಳನದ ವಿಚಾರಸರಣಿಯಲ್ಲಿ ಈ ನಂಬಿಕೆಯೂ ಸೇರಿತ್ತೆಂದು ತೋರಿಸಿ, ಅದು ಕೇವಲ ಭ್ರಾಂತಿಯೆಂದು 1992ರಲ್ಲಿ ಬರೆದವರು ರಾಬರ್ಟ್ ಫಿಲಿಪ್ಸನ್ ಎಂಬ ಬ್ರಿಟಿಷ್ ವಿದ್ವಾಂಸರೇ. ವಿದ್ವಾಂಸರು ಬರೆದರೂ ವೀಸಾ ಕಚೇರಿಗಳು ಓದಲಿಲ್ಲ. ದಕ್ಷಿಣ ಕೊರಿಯ ಭಾಷಾ ಬೋಧಕರಿಗೆ ಕೊಡುವ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಏಳು ದೇಶಗಳ ಪ್ರಜೆಗಳಿಗೆ ಮೀಸಲೆಂಬಂತಿದೆ: ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯ ಆರ್ಥಿಕ ಒಪ್ಪಂದದ ದೆಸೆಯಿಂದ, ಇಂಗ್ಲಿಷ್ ಪದವಿಯೂ ಬೋಧನಾ ಅರ್ಹತೆಯೂ ಉಳ್ಳ ಭಾರತೀಯರಿಗೆ ಸಹಾಯಕ ಅಧ್ಯಾಪಕರಾಗುವ ಒಂದು ಕಿಂಡಿ ತೆರೆದಿದೆ. ಕಿಂಡಿ ಎಂದೆ, ಹೆಬ್ಬಾಗಿಲು ಎನ್ನಲಿಲ್ಲ.

ಹಾಗಾದರೆ ನಮ್ಮವರು ಎಲ್ಲಿಗೂ ಹೋಗಿಲ್ಲವೇ? ಹೋಗಿದ್ದಾರೆ, ಧಾರಾಳವಾಗಿ ಹೋಗಿದ್ದಾರೆ. ಇಟಲಿಯವರು 1941ರಲ್ಲಿ ಇಥಿಯೋಪಿಯವನ್ನು ಬಿಟ್ಟು ತೊಲಗಿದ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿ ಶಾಲೆಗಳನ್ನು ತೆರೆದರು. ಪ್ರೌಢಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅಲ್ಲಿ ಪಾಠ ಹೇಳಲು ಭಾರತದಿಂದ, ಅದರಲ್ಲಿಯೂ ಕೇರಳದಿಂದ, ಉಪಾಧ್ಯಾಯರು ತಂಡತಂಡವಾಗಿ ಹೊರಟರು. 1974ರಲ್ಲಿ ಚಕ್ರವರ್ತಿ ಪದಚ್ಯುತರಾಗುವ ವೇಳೆಗೆ ಒಂದು ಇಡೀ ತಲೆಮಾರಿನ ಇಥಿಯೋಪಿಯನ್ನರು ಭಾರತೀಯ ಮೇಷ್ಟರ ಕೈಕೆಳಗೆ ಕಲಿತಿದ್ದರು. ಇಂದು ಮಾಲ್ಡೀವ್ಸಿನ ದ್ವೀಪಶಾಲೆಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಸಿ.ಬಿ.ಎಸ್.ಇ. ಪಠ್ಯಕ್ರಮ ಅನುಸರಿಸುವ ಶಾಲೆಗಳಲ್ಲಿ ನಮ್ಮ ಬಿ.ಎಡ್. ಪದವಿಗೆ ನಿಜವಾದ ಬೆಲೆಯಿದೆ. ಕುಣಿಗಲ್ಲಿನ ಹುಡುಗಿ ಮೊದಲು ನೋಡಬೇಕಾದ್ದು ಈ ದಿಕ್ಕಿಗೆ. ಅಲ್ಲಿ ಅವಳ ನಾಲ್ಕು ವರ್ಷಗಳ ಅನುಭವವನ್ನು ಎಣಿಸುತ್ತಾರೆ.

ಥಾಯ್ಲೆಂಡೂ ಆಗದ ಮಾತಲ್ಲ. ಆದರೆ ಅಲ್ಲಿನ ಶಾಲೆಯಲ್ಲಿ ಪಾಠ ಹೇಳಲು ಕೆಲಸದ ವೀಸಾ, ದುಡಿಯುವ ಪರವಾನಗಿ, ಉಪಾಧ್ಯಾಯರ ಮಂಡಲಿಯ ಅನುಮತಿ ಮೂರೂ ಬೇಕು. ಮಾತೃಭಾಷೆ ಇಂಗ್ಲಿಷಲ್ಲದವರು ಇಂಗ್ಲಿಷ್ ಪರೀಕ್ಷೆಯೊಂದರ ಅಂಕಗಳನ್ನು ತೋರಿಸಬೇಕಾಗುತ್ತದೆ. ಶಿಕ್ಷಣಶಾಸ್ತ್ರದ ಪದವಿ ಇಲ್ಲದವರು ತಾತ್ಕಾಲಿಕ ಅನುಮತಿಯ ಮೇಲೆ ದಿನ ನೂಕಬೇಕು. ಬಿ.ಎಡ್. ಆದವರಿಗೆ ಅಲ್ಲಿಯೂ ಮೇಲುಗೈ. ಇಷ್ಟೆಲ್ಲ ಕಾಗದಗಳಿಗೆ ಆಧಾರ ಒದಗಿಸಬೇಕಾದ್ದು ಕೆಲಸ ಕೊಡುವ ಶಾಲೆ. ತುಮಕೂರಿನ ಮಧ್ಯವರ್ತಿಯಿಂದ ಆಗುವ ಕೆಲಸ ಇದಲ್ಲ. ಆತ ಶಾಲೆಯ ಹೆಸರನ್ನೇ ಹೇಳಿಲ್ಲವೆಂದು ಕಾಗದದಲ್ಲಿದೆ.

ಇನ್ನು ಆ ನೂರಿಪ್ಪತ್ತು ಗಂಟೆಯ ಸರ್ಟಿಫಿಕೇಟು. ಟೆಫಲ್ ಎಂಬುದು, ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವುದು ಎಂಬ ಮಾತಿನ ಆದ್ಯಕ್ಷರಗಳು, ಅಷ್ಟೇ. ಅದು ಯಾವ ವಿಶ್ವವಿದ್ಯಾನಿಲಯದ ಪದವಿಯ ಹೆಸರೂ ಅಲ್ಲ. ಮುದ್ರಣಯಂತ್ರವಿದ್ದವರೆಲ್ಲ ಆ ಹೆಸರಿನಲ್ಲಿ ಕಾಗದ ಹೊರಡಿಸಬಹುದು, ಹೊರಡಿಸುತ್ತಲೂ ಇದ್ದಾರೆ. ನೂರಿಪ್ಪತ್ತು ಎಂಬ ಸಂಖ್ಯೆಗೆ ಮಾನ ಬಂದಿರುವುದು ಕೇಂಬ್ರಿಜಿನ ಸೆಲ್ಟಾ ಎಂಬ ಶಿಕ್ಷಣದಂಥವುಗಳಿಂದ. ಅದರ ಬೇರು 1962ರಲ್ಲಿ ಲಂಡನ್ನಿನಲ್ಲಿ ಜಾನ್ ಹೇಕ್ರಾಫ್ಟ್ ದಂಪತಿಗಳು ನಡೆಸಿದ ಎರಡೇ ವಾರಗಳ ತರಬೇತಿಯಲ್ಲಿದೆ. ಸೆಲ್ಟಾದಲ್ಲಿ ಕನಿಷ್ಠ 120 ಗಂಟೆಗಳ ಶಿಕ್ಷಣವಿದೆ. ಮುಖ್ಯವಾದದ್ದು ಅದರೊಳಗಿನ ಆರು ಗಂಟೆ. ಆ ಆರು ಗಂಟೆ ಅಭ್ಯರ್ಥಿಯು ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು. ಹಿಂದೆ ಕುಳಿತ ಪರೀಕ್ಷಕರು ಗುರುತು ಹಾಕಿಕೊಂಡು, ಪಾಠ ಮುಗಿದ ಮೇಲೆ ತಪ್ಪು ಒಪ್ಪುಗಳನ್ನು ಮುಖಕ್ಕೆ ಹೇಳುತ್ತಾರೆ. ಮಧ್ಯವರ್ತಿಯ ಸರ್ಟಿಫಿಕೇಟಿನಲ್ಲಿ ಈ ಆರು ಗಂಟೆಗಳೇ ಇರುವುದಿಲ್ಲ. ಕೇಳಿ ನೋಡಿ: "ಪಾಠ ಹೇಳಿಸುತ್ತೀರಾ? ಯಾರಿಗೆ? ನೋಡುವವರು ಯಾರು?" ಉತ್ತರದಲ್ಲಿ ತಡವರಿಕೆ ಕಂಡರೆ ಎದ್ದು ಬರುವುದು. ಸೆಲ್ಟಾಕ್ಕೆ ಲಕ್ಷದ ಮೇಲೆ ಖರ್ಚು ತಗುಲುತ್ತದೆ, ಅಲ್ಲಗಳೆಯುವುದಿಲ್ಲ. ಬಿ.ಎಡ್. ಆದವರು ಕೊಲ್ಲಿಯ ಭಾರತೀಯ ಶಾಲೆಗೋ ಮಾಲ್ಡೀವ್ಸಿಗೋ ಹೋಗುವುದಾದರೆ ಅದರ ಅಗತ್ಯ ಬೀಳುವುದು ಅಪರೂಪ. ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡುವ ಭಾಷಾ ಶಾಲೆಗಳತ್ತ ಮನಸ್ಸಿದ್ದರೆ ಮಾತ್ರ ಆ ಹಣ ಸಾರ್ಥಕ.

ಕಾಗದಪತ್ರಗಳನ್ನು ಇಂದೇ ಸಿದ್ಧಪಡಿಸಲು ತೊಡಗಬಹುದು. ಪದವಿ ಪತ್ರಗಳಿಗೆ ಮೊದಲು ರಾಜ್ಯದ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಭಾರತವು 2005ರಲ್ಲಿ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದ ಮೇಲೆ, ಅದರಲ್ಲಿ ಸೇರಿರುವ ದೇಶಗಳಿಗೆ ಈ ಒಂದು ಮುದ್ರೆಯೇ ಸಾಕು. ಸೇರದಿರುವ ದೇಶಗಳಿಗೆ ಅವುಗಳ ರಾಯಭಾರ ಕಚೇರಿಯನ್ನೂ ಸುತ್ತಬೇಕು. ತುಮಕೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 2004ರಲ್ಲಿ. ಅದಕ್ಕೆ ಮೊದಲು ಜಿಲ್ಲೆಯ ಕಾಲೇಜುಗಳಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಹಿರಿಯ ಉಪಾಧ್ಯಾಯರು ಪರಿಶೀಲನೆಗಾಗಿ ಜ್ಞಾನಭಾರತಿಯ ಮೆಟ್ಟಿಲು ಹತ್ತಬೇಕಾದೀತು. ಪೊಲೀಸರ ನಡತೆಯ ಪತ್ರ, ಈಗಿನ ಶಾಲೆಯ ಅನುಭವ ಪತ್ರ ಇವೂ ಬೇಕು. ಅನುಭವ ಪತ್ರದಲ್ಲಿ ಯಾವ ತರಗತಿಗೆ, ವಾರಕ್ಕೆ ಎಷ್ಟು ಪಾಠ ಎಂಬ ವಿವರವನ್ನು ಹಟ ಹಿಡಿದು ಬರೆಯಿಸಿಕೊಳ್ಳಬೇಕು. ಮುಖ್ಯೋಪಾಧ್ಯಾಯರಿಗೆ ಕೊಂಚ ಬೇಸರವಾದರೂ ಚಿಂತೆಯಿಲ್ಲ.

ಎರಡು ಲಕ್ಷ ಕೊಡಕೂಡದೆಂದೆನಲ್ಲ, ಅದರ ಕಾರಣ ಈಗ. 1983ರ ವಲಸೆ ಕಾಯಿದೆ ಬಂದಂದಿನಿಂದ ಜನರನ್ನು ಪರದೇಶದ ಕೆಲಸಕ್ಕೆ ಕಳುಹಿಸುವವರು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಈ-ಮೈಗ್ರೇಟ್ ತಾಣದಲ್ಲಿ ಸಿಕ್ಕುತ್ತದೆ. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ ಸರಕಾರ ಹಾಕಿದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಎರಡು ಲಕ್ಷಕ್ಕೂ ಇದಕ್ಕೂ ಏನು ಸಂಬಂಧ? "ಮೊದಲು ಪ್ರವಾಸಿ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಿಸೋಣ" ಎಂಬ ಮಾತು ಬಂದರಂತೂ ಕಾಗದವನ್ನು ಹರಿದೆಸೆಯಿರಿ. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸವೆಂದು ನಂಬಿ ಹೊರಟ ಭಾರತೀಯ ತರುಣರನ್ನು ಗಡಿ ದಾಟಿಸಿ, ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಜಾಲದ ಮೋಸದ ಕೆಲಸಕ್ಕೆ ಹಚ್ಚುತ್ತಿದ್ದಾರೆಂದು ನಮ್ಮ ವಿದೇಶಾಂಗ ಸಚಿವಾಲಯವೇ 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತು. ಅವರೂ ಓದಿದವರೇ, ಒಳ್ಳೆಯ ಮನೆಗಳಿಂದ ಹೊರಟವರೇ.

ಆದ್ದರಿಂದ ಮಗಳೇ ಕುಳಿತು ಶಾಲೆಗಳಿಗೆ ನೇರವಾಗಿ ಅರ್ಜಿ ಬರೆಯಲಿ. ಹತ್ತು ಬರೆದರೆ ಒಂದಕ್ಕೆ ಉತ್ತರ ಬಂದೀತು. ಕರೆ ಬಂದಾಗ ಕೇಳಬೇಕಾದ್ದನ್ನು ನಾಚಿಕೆಯಿಲ್ಲದೆ ಕೇಳಲಿ: ವಾರಕ್ಕೆ ಎಷ್ಟು ಪಾಠ, ರಜಾ ತಿಂಗಳ ಸಂಬಳವುಂಟೇ, ವಸತಿ ಯಾರದು, ಹಿಂದಿರುಗುವ ಟಿಕೇಟಿನ ಹಣ ಯಾರದು. ಪಾಸ್‌ಪೋರ್ಟು ತನ್ನ ಬಳಿಯೇ ಇರುತ್ತದೆಂಬುದು ಕರಾರಿನಲ್ಲಿ ಬರಹದಲ್ಲಿರಲಿ. ಕೊನೆಗೆ, ಆ ಶಾಲೆಯಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಭಾರತೀಯ ಉಪಾಧ್ಯಾಯರೊಬ್ಬರೊಡನೆ ಮಾತನಾಡಿಸಿರೆಂದು ಕೇಳಬೇಕು. ಅದಕ್ಕೆ ಶಾಲೆಯವರು ಹಿಂದೆಮುಂದೆ ನೋಡಿದರೆ ಬೇರೆ ಶಾಲೆಗೆ ಬರೆಯುವುದು.