ಮೌತ್ ಆರ್ಗನ್ ಅಂದ್ರೆ ಆಟದ ಸಾಮಾನಾ?

1/4
ಫೋಟೋದಲ್ಲಿರೋದು ನನ್ನ ಮೌತ್ ಆರ್ಗನ್. ಹಿಂದೆ ಕಾಣ್ತಿರೋದು ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳು. ಶಿಫ್ಟ್ ಬಿಟ್ಟು ಕಂಪನಿ ಬಸ್ಸುಗಳು ಹೋದ ಮೇಲೆ ಈ ರಸ್ತೆ ಖಾಲಿ, ಆಗ ನನ್ನ ಪ್ರಾಕ್ಟೀಸ್. ಹೋದ ವಾರ ಒಂದು ಸ್ಪರ್ಧೇಲಿ ಶಾಸ್ತ್ರೀಯ ವಾದ್ಯ ವಿಭಾಗಕ್ಕೆ ಹೆಸರು ಕೊಡೋಕೆ ಹೋದೆ. "ಇದು ಜಾತ್ರೇಲಿ ಮಾರೋದಲ್ವೇನಪ್ಪಾ? ಸಿನಿಮಾ ಹಾಡಿನ ಕಡೆ ಹೋಗು" ಅಂದ್ರು. ನಗ್ತಾ ಅಂದ್ರು, ಅದೇ ಜಾಸ್ತಿ ಉರೀತು. ಒಂದು ಸ್ವರಾನೂ ಕೇಳಲಿಲ್ಲ ಕಣ್ರೋ.

2/4
ತಪ್ಪು ಅವರೊಬ್ಬರದೇ ಅಲ್ಲ ಬಿಡಿ. ನಮಗೆಲ್ಲ ಮೌತ್ ಆರ್ಗನ್ ಅಂದ್ರೆ 'ಶೋಲೆ'ಯ ಅಮಿತಾಭ್, ನಮ್ಮ ರಾಮನಗರದ ಬಂಡೆಗಳು. ಆದ್ರೆ ಆ ಸ್ವರ ನಿಜವಾಗಿ ನುಡಿಸಿದ್ದು ಭಾನು ಗುಪ್ತ. ಆ ಹೆಸರು ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತು?

3/4
ಈಗ ಲ್ಯಾರಿ ಆಡ್ಲರ್ ಕತೆ ಕೇಳಿ. 1914ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹುಟ್ಟಿದವನು. ಸಂಗೀತ ಶಾಲೆಯಿಂದ ಹೊರಗೆ ಹಾಕಿಸಿಕೊಂಡ. 1927ರಲ್ಲಿ ಮೌತ್ ಆರ್ಗನ್ ಸ್ಪರ್ಧೇಲಿ ಬೇರೆಯವರೆಲ್ಲ ಜನಪ್ರಿಯ ಹಾಡು ಹಿಡಿದ್ರೆ ಇವನು ಬೀಥೋವನ್ ನುಡಿಸಿ ಗೆದ್ದ. ಮುಂದೆ ವಾನ್ ವಿಲಿಯಮ್ಸ್, ಮಿಯೋ, ಮಾಲ್ಕಂ ಆರ್ನಾಲ್ಡ್‌ರಂಥ ದೊಡ್ಡ ಸಂಯೋಜಕರು ಇವನಿಗೋಸ್ಕರಾನೇ ಕೃತಿ ಬರೆದ್ರು. ಕಮ್ಯುನಿಸ್ಟ್ ಅಂತ ಆರೋಪ ಹೊರಿಸಿ ಅಮೆರಿಕದಲ್ಲಿ ಕಾರ್ಯಕ್ರಮ ಸಿಗದ ಹಾಗೆ ಮಾಡಿದಾಗ ಇಂಗ್ಲೆಂಡಿಗೆ ಹೋದ. 'ಜೆನೆವೀವ್' ಸಿನಿಮಾಗೆ ಸಂಗೀತ ಕೊಟ್ಟ. ಅಮೆರಿಕದ ಪ್ರಿಂಟಿನಲ್ಲಿ ಅವನ ಹೆಸರೇ ಇಲ್ಲ, ಆಸ್ಕರ್ ನಾಮನಿರ್ದೇಶನವೂ ಇನ್ನೊಬ್ಬರ ಹೆಸರಿಗೆ. 1952ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಪ್ರಾಮ್ಸ್ ಉತ್ಸವದಲ್ಲಿ ವಾನ್ ವಿಲಿಯಮ್ಸ್ ಕೃತಿ ನುಡಿಸಿದಾಗ ಜನ ಪೂರ್ತಿ ಇನ್ನೊಮ್ಮೆ ನುಡಿಸು ಅಂದ್ರು. ಇಷ್ಟೆಲ್ಲ ಆದ್ಮೇಲೂ ಅವನು 'ಹಾರ್ಮೋನಿಕಾ' ಅಂತ ದೊಡ್ಡಸ್ತಿಕೆ ಮಾಡ್ತಿರಲಿಲ್ಲ, ಮೌತ್ ಆರ್ಗನ್ ಅಂತಾನೇ ಹೇಳ್ತಿದ್ದ. ಅದಕ್ಕೇ ನಾನೂ ಹಾಗೇ ಹೇಳೋದು.

4/4
"ಅದು ಅವರ ಸಂಗೀತ. ನಮ್ಮ ಗಮಕ ಇದರಲ್ಲಿ ಬರಲ್ಲ" ಅಂತೀರಾ? ಅರ್ಧ ನಿಜ. ವೀಣೆಯ ತಂತಿ ಎಳೆದ ಹಾಗೆ ರೀಡ್ ಎಳೆಯೋಕಾಗಲ್ಲ. ಉಸಿರು, ನಾಲಿಗೆಯಿಂದ ಒಂಚೂರು ಬಗ್ಗಿಸಬಹುದು ಅಷ್ಟೇ. ಇದೇ ಥರ ಕಾರಣ ಹೇಳಿ 1940ರಲ್ಲಿ ರೇಡಿಯೋದವರು ಹಾರ್ಮೋನಿಯಂನ ಹೊರಗಿಟ್ರು, ಆಮೇಲೆ ದಶಕಗಳ ನಂತರ ಒಳಗೆ ಕರೆದ್ರು. ಸ್ಯಾಕ್ಸೋಫೋನ್ ಕೂಡ ಬ್ಯಾಂಡ್‌ಸೆಟ್ಟಿನದೇ ತಾನೆ? ನಾಗಸ್ವರದ ಮನೆಯಿಂದ ಬಂದ ಕದ್ರಿ ಗೋಪಾಲನಾಥ್ ಅದನ್ನ ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮರುಳಾಗಿ, ವರ್ಷಗಟ್ಟಲೆ ತಿದ್ದಿ ತೀಡಿ ಗಮಕ ಬರೋ ಹಾಗೆ ಮಾಡಿದ್ರು. 1994ರಲ್ಲಿ ಅದೇ ಪ್ರಾಮ್ಸ್, ಅದೇ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ್ರು.

ನನಗಿನ್ನೂ ತೋಡಿಯ ಗಾಂಧಾರ ಬಗ್ತಿಲ್ಲ. ಅದಕ್ಕೆ ಮಾರ್ಕ್ಸ್ ಕಟ್ ಮಾಡಿ, ಒಪ್ತೀನಿ. ಮುಂದಿನ ವರ್ಷಾನೂ ಅದೇ ಫಾರ್ಮ್, ಅದೇ ಕಾಲಂನಲ್ಲಿ ತುಂಬ್ತೀನಿ.