ಬೇಸಿಗೆಯಲ್ಲಿ ಗಾಳಿ ಕಡಿಮೆ ಹೊಡಿಸಬೇಕೇ? ಟೈರ್‌ಗೆ ನಾಲ್ಕೇ ವರ್ಷ ಆಯುಷ್ಯವೇ? ಕಾರಿನ ಟೈರ್ ಬದಲಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮಾರ್ಚ್ ತಿಂಗಳು ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಟೈರ್ ಬಗ್ಗೆ ಸಂದೇಶಗಳು ಓಡಾಡಲು ಶುರುವಾಗುತ್ತವೆ. 'ಬಿಸಿಲು ಹೆಚ್ಚಾಗಿದೆ, ಗಾಳಿ ಕಡಿಮೆ ಹೊಡಿಸಿ', 'ಟೈರ್‌ಗೂ ಎಕ್ಸ್‌ಪೈರಿ ಡೇಟ್ ಇದೆ, ನಾಲ್ಕು ವರ್ಷಕ್ಕೆ ಎಸೆಯಿರಿ', 'ನೈಟ್ರೋಜನ್ ಹಾಕಿಸಿದರೆ ಟೈರ್ ಒಡೆಯುವುದೇ ಇಲ್ಲ' ಎಂಬಂಥವು. ಜೊತೆಗೆ ಪಲ್ಟಿಯಾದ ಕಾರಿನ ಒಂದು ಫೋಟೊ, ಕೊನೆಗೆ 'ಎಲ್ಲರಿಗೂ ಕಳಿಸಿ, ಜೀವ ಉಳಿಸಿ' ಎಂಬ ಸಾಲು.

ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಂದೇಶಗಳಲ್ಲಿ ಕೆಲವು ಅರ್ಧ ಸತ್ಯ, ಒಂದಂತೂ ನೇರವಾಗಿ ಅಪಾಯಕಾರಿ. ಬೀದರ್, ಭಾಲ್ಕಿ, ಔರಾದ್ ಕಡೆಯವರಿಗೆ ಈ ವಿಷಯ ಇನ್ನಷ್ಟು ಮುಖ್ಯ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಸ್ಪತ್ರೆ, ಕಾಲೇಜು, ಮದುವೆ ಬಟ್ಟೆ ಎಂದು ಜನ ಹೈದರಾಬಾದ್‌ಗೆ ಹೋಗಿ ಬರುತ್ತಲೇ ಇರುತ್ತಾರೆ. ಜಹೀರಾಬಾದ್ ಬಳಿ ರಾಷ್ಟ್ರೀಯ ಹೆದ್ದಾರಿ 65 ಸೇರಿದ ಮೇಲೆ ವೇಗ ತಾನಾಗಿಯೇ ಏರುತ್ತದೆ. ಹಾಗಾಗಿ ಒಂದೊಂದೇ ಮಾತನ್ನು ಬಿಡಿಸಿ ನೋಡೋಣ.

ಹೇಳಿಕೆ 1: ಬೇಸಿಗೆಯಲ್ಲಿ ಗಾಳಿ ಕಡಿಮೆ ಇರಬೇಕು

ಇದು ತಪ್ಪು, ಅಪಾಯಕಾರಿ ಕೂಡ.

ಈ ಮಾತಿನ ಹಿಂದಿರುವ ತರ್ಕ ಸರಳ: ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಟೈರ್ ಒಡೆಯುತ್ತದೆ. ಮೊದಲ ಅರ್ಧ ನಿಜ. ಬೆಳಿಗ್ಗೆ 25 ಡಿಗ್ರಿ ಇರುವಾಗ 33 ಪಿಎಸ್‌ಐ ಹೊಡಿಸಿದ ಟೈರ್, ಓಡಿ ಓಡಿ 65 ಡಿಗ್ರಿ ತಲುಪಿದರೆ ಒಳಗಿನ ಒತ್ತಡ ಸುಮಾರು 39 ಪಿಎಸ್‌ಐ ಆಗುತ್ತದೆ. ಆದರೆ ಈ ಏರಿಕೆಯನ್ನು ಲೆಕ್ಕ ಹಾಕಿಯೇ ಕಂಪನಿಗಳು ಟೈರ್ ತಯಾರಿಸುತ್ತವೆ. ಸರಿಯಾಗಿರುವ ಟೈರ್ 5-6 ಪಿಎಸ್‌ಐ ಏರಿದ ಮಾತ್ರಕ್ಕೆ ಒಡೆಯುವುದಿಲ್ಲ.

ಒಡೆಯುವುದು ಹೆಚ್ಚಾಗಿ ಗಾಳಿ ಕಡಿಮೆಯಿರುವ ಟೈರ್. ಗಾಳಿ ಕಡಿಮೆಯಾದರೆ ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಟೈರ್‌ನ ಪಕ್ಕದ ಭಾಗ, ಅಂದರೆ ಸೈಡ್‌ವಾಲ್, ಅಗತ್ಯಕ್ಕಿಂತ ಹೆಚ್ಚು ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಒಂದೇ ಕಡೆ ಹತ್ತಾರು ಸಲ ಬಗ್ಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಇಲ್ಲಿ ಆಗುವುದೂ ಅದೇ. ಸಣ್ಣ ಕಾರಿನ ಚಕ್ರ ಒಂದು ಕಿಲೋಮೀಟರ್‌ಗೆ ಸುಮಾರು 510 ಸುತ್ತು ತಿರುಗುತ್ತದೆ. ಬೀದರ್‌ನಿಂದ ಹೈದರಾಬಾದ್‌ಗೆ ಸುಮಾರು 140 ಕಿ.ಮೀ. ಎಂದರೆ 70 ಸಾವಿರಕ್ಕೂ ಹೆಚ್ಚು ಸಲ ಆ ಸೈಡ್‌ವಾಲ್ ಬಾಗಬೇಕು. ಕೆಳಗೆ ಕಾದ ಡಾಂಬರು, ಒಳಗೆ ಬಾಗಿ ಬಾಗಿ ಹುಟ್ಟಿದ ಬಿಸಿ, ಮೇಲೆ ಐದಾರು ಜನ ಮತ್ತು ಲಗೇಜು. ರಬ್ಬರ್ ಮತ್ತು ಒಳಗಿನ ದಾರದ ಪದರಗಳು ಬಿಟ್ಟುಕೊಳ್ಳುತ್ತವೆ, ಟೈರ್ ಒಡೆಯುತ್ತದೆ.

ಮಾಡಬೇಕಾದ್ದು ಇಷ್ಟೇ. ಚಾಲಕನ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಎಷ್ಟು ಪಿಎಸ್‌ಐ ಎಂದು ಬರೆದಿದೆಯೋ ಅಷ್ಟು ಗಾಳಿ, ಟೈರ್ ತಣ್ಣಗಿರುವಾಗ ಹೊಡಿಸಿ. ಪೂರ್ತಿ ಜನ ತುಂಬಿದಾಗ ಎಷ್ಟಿರಬೇಕು ಎಂಬ ಬೇರೆ ಸಂಖ್ಯೆಯೂ ಅಲ್ಲೇ ಇರುತ್ತದೆ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೊರಟಾಗ ಅನ್ವಯಿಸುವುದು ಆ ಎರಡನೇ ಸಂಖ್ಯೆ. ಟೈರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ಹೊಡಿಸಬೇಡಿ. ದಾರಿಯಲ್ಲಿ ಬಿಸಿಯಾಗಿ ಪಿಎಸ್‌ಐ ಏರಿದೆ ಎಂದು ಗಾಳಿ ಬಿಡಲೂಬೇಡಿ. ತಣ್ಣಗಾದ ಮೇಲೆ ಅದು ತೀರಾ ಕಡಿಮೆಯಾಗುತ್ತದೆ.

ಹೇಳಿಕೆ 2: ಟೈರ್‌ಗೆ ನಾಲ್ಕು ವರ್ಷದ ಎಕ್ಸ್‌ಪೈರಿ ಡೇಟ್ ಇದೆ

ಇದು ಅರ್ಧ ಸತ್ಯ.

ಟೈರ್‌ನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2224 ಎಂದಿದ್ದರೆ 2024ರ 22ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಇದು ಹುಟ್ಟಿದ ದಿನ, ಸಾಯುವ ದಿನವಲ್ಲ. ನಾಲ್ಕು ವರ್ಷ ಆದ ಕೂಡಲೇ ಟೈರ್ ಕೆಡುತ್ತದೆ ಎಂಬ ನಿಯಮ ಎಲ್ಲೂ ಇಲ್ಲ.

ಹಾಗೆಂದು ವಯಸ್ಸು ಲೆಕ್ಕಕ್ಕಿಲ್ಲ ಎಂದಲ್ಲ. ಓಡದೆ ನಿಂತ ಕಾರಿನ ರಬ್ಬರ್ ಕೂಡ ಬಿಸಿಲು, ಗಾಳಿಗೆ ಗಟ್ಟಿಯಾಗಿ ಸೀಳು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಿ, ಚೆನ್ನಾಗಿ ಕಂಡರೂ ಹತ್ತು ವರ್ಷದ ಮೇಲೆ ಬಳಸಬೇಡಿ ಎಂದು ಟೈರ್ ಕಂಪನಿಗಳು ಹೇಳುತ್ತವೆ. ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಬದಲಿಸಲು ಹೇಳುತ್ತವೆ. ಬಿಸಿಲಲ್ಲೇ ಕಾರು ನಿಲ್ಲಿಸುವವರು ಆರನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಮೇಲು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಇದೇ ಲೆಕ್ಕ.

ಈ ನಾಲ್ಕು ಅಂಕಿಯ ನಿಜವಾದ ಉಪಯೋಗ ಇರುವುದು ಅಂಗಡಿಯಲ್ಲಿ. ಹೆಚ್ಚು ಖರ್ಚಾಗದ ಅಳತೆಯ ಟೈರ್‌ಗಳು ಅಂಗಡಿಯಲ್ಲೇ ವರ್ಷಗಟ್ಟಲೆ ಕೂರುತ್ತವೆ. ದುಡ್ಡು ಕೊಡುವ ಮುನ್ನ ನಾಲ್ಕೂ ಟೈರ್‌ಗಳ ಅಂಕಿ ಓದಿ. ಆರು ತಿಂಗಳೊಳಗಿನದಾದರೆ ಒಳ್ಳೆಯದು, ಒಂದು ವರ್ಷದೊಳಗಿನದೂ ನಡೆಯುತ್ತದೆ. ಎರಡು-ಮೂರು ವರ್ಷದ ಹಳೆಯದನ್ನು ಹೊಸದರ ಬೆಲೆಗೆ ಕೊಟ್ಟರೆ ಬೇಡ ಎನ್ನಿ. ನೆನಪಿಡಿ, ಬೀದರ್‌ನಿಂದ ಹೈದರಾಬಾದ್‌ಗೆ ಹೋಗುವ ದಾರಿಯ ಸದಾಶಿವಪೇಟೆಯಲ್ಲೇ ಎಂಆರ್‌ಎಫ್ ಕಾರ್ಖಾನೆ ಇದೆ, ಮೈಸೂರಿನಲ್ಲಿ ಹಿಂದೆ ವಿಕ್ರಾಂತ್ ಆಗಿದ್ದ ಜೆಕೆ ಟೈರ್ ಕಾರ್ಖಾನೆ ಇದೆ. ಕಾರ್ಖಾನೆ ಹತ್ತಿರ ಇದೆ ಎಂದ ಮಾತ್ರಕ್ಕೆ ಅಂಗಡಿಯ ಮಾಲು ತಾಜಾ ಎಂದಲ್ಲ. ತಾಜಾತನ ಹೇಳುವುದು ಆ ನಾಲ್ಕು ಅಂಕಿ ಮಾತ್ರ.

ಹೇಳಿಕೆ 3: ನೈಟ್ರೋಜನ್ ಹಾಕಿಸಿದರೆ ಟೈರ್ ಬಿಸಿಯಾಗದು, ಒಡೆಯದು

ಇದು ಉತ್ಪ್ರೇಕ್ಷೆ.

ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಬಿಸಿಯಾದರೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ. ನೈಟ್ರೋಜನ್‌ನಲ್ಲಿ ತೇವ ಇರುವುದಿಲ್ಲ, ಸೋರಿಕೆ ತುಸು ನಿಧಾನ, ಲಾಭ ಇಷ್ಟೇ. ಹಾಕಿಸಿದರೆ ತಪ್ಪಿಲ್ಲ. ಆದರೆ 'ನೈಟ್ರೋಜನ್ ಇದೆ' ಎಂದು ತಿಂಗಳುಗಟ್ಟಲೆ ಗಾಳಿ ನೋಡದೆ ಬಿಡುವುದು ತಪ್ಪು. ಗಾಳಿ ಕಡಿಮೆಯಾಗಿ, ಔರಾದ್‌ನಂಥ ಊರಲ್ಲಿ ನೈಟ್ರೋಜನ್ ಸಿಗದಿದ್ದರೆ ಮಾಮೂಲಿ ಗಾಳಿಯನ್ನೇ ಹೊಡಿಸಿ. ಎರಡೂ ಬೆರೆತರೆ ಏನೂ ಆಗದು.

ಹೇಳಿಕೆ 4: ಎರಡೇ ಹೊಸ ಟೈರ್ ಕೊಂಡರೆ ಮುಂದೆ ಹಾಕಿಸಿ

ಬಹುತೇಕರು ಮಾಡುವುದು ಹೀಗೆಯೇ. ಎಂಜಿನ್ ಮುಂದೆ, ಸ್ಟೀರಿಂಗ್ ಮುಂದೆ, ಆದ್ದರಿಂದ ಹೊಸ ಟೈರೂ ಮುಂದೆ ಎನ್ನುವ ಲೆಕ್ಕ. ಆದರೆ ಟೈರ್ ಕಂಪನಿಗಳ ಸಲಹೆ ಇದಕ್ಕೆ ವಿರುದ್ಧ: ಹೊಸ ಜೋಡಿ ಹಿಂದೆ ಇರಬೇಕು.

ಕಾರಣ ಮಳೆ. ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಸಾಗುತ್ತದೆ, ಆಕ್ಸಿಲರೇಟರ್‌ನಿಂದ ನಿಧಾನಕ್ಕೆ ಕಾಲು ತೆಗೆದರೆ ಹಿಡಿತ ಮರಳಿ ಸಿಗುವ ಸಾಧ್ಯತೆ ಇದೆ. ಹಿಂದಿನ ಚಕ್ರ ಜಾರಿದರೆ ಕಾರಿನ ಹಿಂಭಾಗ ಗಿರಕಿ ಹೊಡೆಯುತ್ತದೆ. ಅದನ್ನು ಸಾಮಾನ್ಯ ಚಾಲಕರು ಸಂಭಾಳಿಸುವುದು ಕಷ್ಟ.

ನಮ್ಮ ರಸ್ತೆಗೆ ಎಂಥ ಟೈರ್?

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಭಾಲ್ಕಿ, ಔರಾದ್ ಕಡೆ ಹೋದರೆ ಎರೆಭೂಮಿ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಬೇಗ ತಗ್ಗು ಬೀಳುತ್ತದೆ, ಡಾಂಬರಿನ ಅಂಚು ಕಿತ್ತುಬರುತ್ತದೆ. ಆ ಅಂಚಿಗೆ ವೇಗದಲ್ಲಿ ತಾಗಿದರೆ ಸೈಡ್‌ವಾಲ್ ಒಳಗಿನ ದಾರ ತುಂಡಾಗಿ ಹೊರಗೆ ಗುಳ್ಳೆಯಂತೆ ಉಬ್ಬುತ್ತದೆ. ಈ ಉಬ್ಬಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ಆ ಟೈರ್ ಬದಲಿಸಲೇಬೇಕು.

ನೋಟ ಚೆನ್ನಾಗಿರುತ್ತದೆ ಎಂದು ದೊಡ್ಡ ರಿಮ್, ತೆಳು ಸೈಡ್‌ವಾಲ್‌ನ ಟೈರ್ ಹಾಕಿಸುವವರು ಇದನ್ನು ಯೋಚಿಸಬೇಕು. ಸೈಡ್‌ವಾಲ್ ತೆಳುವಾದಷ್ಟೂ ತಗ್ಗಿನ ಪೆಟ್ಟು ನೇರವಾಗಿ ರಿಮ್‌ಗೆ ಬೀಳುತ್ತದೆ.

ಅಳತೆಯನ್ನು ಓದುವುದು ಸುಲಭ. 165/80 ಆರ್14 85ಟಿ ಎಂದರೆ ಅಗಲ 165 ಮಿ.ಮೀ., ಸೈಡ್‌ವಾಲ್‌ನ ಎತ್ತರ ಅಗಲದ ಶೇ 80, ರಿಮ್ 14 ಇಂಚು. 85 ಎಂದರೆ ಒಂದು ಟೈರ್ 515 ಕೆ.ಜಿ. ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗ ತಡೆಯಬಲ್ಲದು. ಈ ಕೊನೆಯ ಸಂಖ್ಯೆ ಮತ್ತು ಅಕ್ಷರ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು. 'ಇದೂ 14 ಇಂಚೇ, ಕೂರುತ್ತದೆ' ಎಂದು 175/65 ಆರ್14 ಹಾಕಿಕೊಟ್ಟರೆ ಚಕ್ರದ ಒಟ್ಟು ಎತ್ತರ 620 ಮಿ.ಮೀ. ಬದಲು 583 ಮಿ.ಮೀ. ಆಗುತ್ತದೆ. ಮೀಟರ್ 60 ತೋರಿಸಿದರೂ ಕಾರು ಓಡುವುದು 56ರ ಆಸುಪಾಸು, ಕಿಲೋಮೀಟರ್ ಲೆಕ್ಕವೂ ತಪ್ಪು, ಕಾರಿನ ಅಡಿಭಾಗವೂ ನೆಲಕ್ಕೆ ಹತ್ತಿರ.

ಸವೆದದ್ದು ಗೊತ್ತಾಗುವುದು ಹೇಗೆ?

ಕಾರಿನ ಟೈರ್ ಗಾಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಅಳೆಯಲು ಸಾಧನ ಬೇಡ. ಗಾಡಿಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರ್‌ನ ಮೇಲ್ಮೈ ಸವೆದು ಆ ದಿಬ್ಬಕ್ಕೆ ಸಮವಾದರೆ ಆಯುಷ್ಯ ಮುಗಿದಂತೆ. ಮಳೆಗಾಲಕ್ಕೆ ಮುನ್ನ 3 ಮಿ.ಮೀ.ಗೆ ಇಳಿದಿದ್ದರೂ ಬದಲಿಸುವುದು ಜಾಣತನ.

ಹಳೆ ಟೈರ್‌ನ ಗಾಡಿಗಳನ್ನು ಬಿಸಿ ಬ್ಲೇಡಿನಿಂದ ಮತ್ತೆ ಕೊರೆದು, ಕಪ್ಪು ಪಾಲಿಶ್ ಹಚ್ಚಿ ಮಾರುವ ಸೆಕೆಂಡ್ ಹ್ಯಾಂಡ್ ವ್ಯಾಪಾರವೂ ಇದೆ. ಕೊರೆದಾಗ ಒಳಗಿನ ತಂತಿಯ ಮೇಲೆ ಉಳಿಯುವ ರಬ್ಬರ್ ತೀರಾ ತೆಳು. ಇಂಥದ್ದರಿಂದ ದೂರವಿರಿ.

'ಟೈರ್ ಒಡೆದದ್ದು ದೈವೇಚ್ಛೆ' ಎಂದರೆ ಕೋರ್ಟ್ ಒಪ್ಪುವುದಿಲ್ಲ

2010ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರಿನ ಹಿಂದಿನ ಟೈರ್ ಒಡೆದು, ಕಾರು ಕಂದಕಕ್ಕೆ ಬಿದ್ದು ಒಬ್ಬರು ಮೃತಪಟ್ಟರು. ಕುಟುಂಬಕ್ಕೆ 1.25 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಮಂಡಳಿ ಹೇಳಿದಾಗ, ಟೈರ್ ಒಡೆಯುವುದು ದೈವೇಚ್ಛೆ ಎಂದು ವಿಮಾ ಕಂಪನಿ ವಾದಿಸಿತು. 2023ರ ಫೆಬ್ರುವರಿಯಲ್ಲಿ ಬಾಂಬೆ ಹೈಕೋರ್ಟ್ ಈ ವಾದ ತಳ್ಳಿಹಾಕಿತು. ಅತಿವೇಗ, ಗಾಳಿ ಕಡಿಮೆ ಅಥವಾ ಹೆಚ್ಚಿರುವುದು, ಸೆಕೆಂಡ್ ಹ್ಯಾಂಡ್ ಟೈರ್, ಬಿಸಿ, ಇವೆಲ್ಲ ಕಾರಣಗಳಾಗಬಹುದು, ಹೊರಡುವ ಮುನ್ನ ಟೈರ್ ನೋಡಿಕೊಳ್ಳುವುದು ಚಾಲಕರ ಹೊಣೆ ಎಂದಿತು.

ಇನ್ನೊಂದು ಮಾತು. ಮಾಮೂಲಿ ಕಾರು ವಿಮೆಯಲ್ಲಿ ಬರೀ ಟೈರ್ ಒಡೆದರೆ ದುಡ್ಡು ಸಿಗುವುದಿಲ್ಲ. ಅದೇ ಹೊತ್ತಿಗೆ ಕಾರಿಗೂ ಪೆಟ್ಟಾಗಿದ್ದರೆ ಮಾತ್ರ, ಅದೂ ಟೈರ್ ಬೆಲೆಯ ಅರ್ಧ.

ಅಂಗಡಿಯಲ್ಲಿ ಏನು ನೋಡಬೇಕು?

- ಐಎಸ್‌ಐ ಗುರುತು. 2009ರ ಗುಣಮಟ್ಟ ನಿಯಂತ್ರಣ ಆದೇಶದಡಿ ಇದು ಕಡ್ಡಾಯ, ವಿದೇಶಿ ಟೈರ್‌ಗೂ ಸೇರಿ.
- ಅಳತೆ, ಭಾರದ ಸಂಖ್ಯೆ, ವೇಗದ ಅಕ್ಷರ ನಿಮ್ಮ ಕಾರಿನ ಸ್ಟಿಕ್ಕರ್‌ಗೆ ಹೊಂದುತ್ತವೆಯೇ ಎಂಬುದು.
- ನಾಲ್ಕು ಅಂಕಿಯ ತಯಾರಿಕಾ ವಾರ.
- ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರ್ ಮೇಲಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 4,000 ರೂಪಾಯಿ ಇದ್ದರೆ ಮೊದಲು 5,120 ಆಗುತ್ತಿತ್ತು, ಈಗ 4,720. ನಾಲ್ಕು ಟೈರ್‌ಗೆ 1,600 ರೂಪಾಯಿ ಉಳಿತಾಯ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ.
- ಪಕ್ಕಾ ಬಿಲ್. 'ಬಿಲ್ ಬೇಡವಾದರೆ ಕಡಿಮೆ ಮಾಡ್ತೀನಿ' ಎಂದರೆ ಒಪ್ಪಬೇಡಿ. ಬಿಲ್‌ನಲ್ಲಿ ಟೈರ್‌ಗಳ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿಗೆ ಅದೇ ಆಧಾರ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.
- ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮತ್ತು ಹೊಸ ವಾಲ್ವ್. ಬೀದರ್‌ಗಿಂತ ಹೈದರಾಬಾದ್ ಅಥವಾ ಆನ್‌ಲೈನ್‌ನಲ್ಲಿ ಅಗ್ಗ ಎನ್ನುವ ಮುನ್ನ ಈ ಖರ್ಚು, ಹೋಗಿ ಬರುವ ಖರ್ಚು ಎರಡನ್ನೂ ಕೂಡಿಸಿ ನೋಡಿ.

ಹಾಗಾದರೆ ಏನು ಫಾರ್ವರ್ಡ್ ಮಾಡಬೇಕು?

'ಬೇಸಿಗೆಗೆ ಗಾಳಿ ಕಡಿಮೆ ಮಾಡಿ' ಎಂಬ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಬದಲಿಗೆ ಮೂರು ಮಾತು ಕಳಿಸಿ: ಹದಿನೈದು ದಿನಕ್ಕೊಮ್ಮೆ ತಣ್ಣಗಿರುವಾಗ ಸ್ಟಿಕ್ಕರ್ ನೋಡಿ ಗಾಳಿ ಹೊಡಿಸಿ, ಸ್ಟೆಪ್ನಿಯನ್ನೂ ಮರೆಯಬೇಡಿ. ಗಾಡಿಯೊಳಗಿನ ದಿಬ್ಬಕ್ಕೆ ಸಮವಾದ ಅಥವಾ ಪಕ್ಕ ಉಬ್ಬಿದ ಟೈರ್ ಬದಲಿಸಿ. ಓಡುವಾಗ ಟೈರ್ ಒಡೆದರೆ ಗಟ್ಟಿಯಾಗಿ ಬ್ರೇಕ್ ಒತ್ತದೆ, ಸ್ಟೀರಿಂಗ್ ಎರಡೂ ಕೈಯಲ್ಲಿ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು ಪಕ್ಕಕ್ಕೆ ತನ್ನಿ.