ಮೊಬೈಲಿನ ಕಿರುಕುಳವೂ ಹುಡುಗಿಯ ಓದೂ

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲಿನಲ್ಲೇ ಎಂದರು. ಗಿರಣಿಯ ಕೆಲಸಗಾರನೂ ಚಿಲ್ಲರೆ ಅಂಗಡಿಯವನೂ ಸಾಲಸೋಲ ಮಾಡಿ ಮಗುವಿಗೊಂದು ಫೋನು ಕೊಡಿಸಿದರು. ಶಾಲೆ ಮತ್ತೆ ತೆರೆಯಿತು. ಫೋನು ಮನೆಯಲ್ಲೇ ಉಳಿಯಿತು. ಹಿಂದೆ ಶಾಲೆಯ ಗೇಟಿನ ಬಳಿ ಮುಗಿಯುತ್ತಿದ್ದ ಗೇಲಿ, ಬೈಗುಳ, ಬೆದರಿಕೆಗಳು ಈಗ ಮಗುವಿನ ದಿಂಬಿನ ಪಕ್ಕದಲ್ಲೇ ಮಲಗುತ್ತವೆ.

ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿಯ ಶಾಲಾ ಹುಡುಗರು ಇನ್‌ಸ್ಟಾಗ್ರಾಮಿನಲ್ಲಿ ಗುಂಪು ಕಟ್ಟಿಕೊಂಡು, ಹುಡುಗಿಯರ ಚಿತ್ರಗಳನ್ನು ಹಂಚಿ ಹೊಲಸು ಮಾತನಾಡಿದ್ದು ಬಯಲಾಯಿತು. ರಾಜಧಾನಿಯ ಸಂಗತಿಯಾದ್ದರಿಂದ ದೇಶದ ಪತ್ರಿಕೆಗಳೆಲ್ಲ ಬರೆದವು. ನಮ್ಮ ಗಿರಣಿ ಚಾಳಿನ ಹುಡುಗಿಗೆ ಇದೇ ಆದರೆ? ಪತ್ರಿಕೆಯ ಮಾತಿರಲಿ, ಆಕೆ ಮನೆಯಲ್ಲೇ ಬಾಯಿ ಬಿಡುವುದಿಲ್ಲ. ಬಿಟ್ಟರೆ ಏನಾಗುತ್ತದೆಂದು ಆಕೆ ಬಲ್ಲಳು: ಮೊದಲು ಫೋನು ಕಸಿಯುತ್ತಾರೆ, ಆಮೇಲೆ ಶಾಲೆ ಬಿಡಿಸುತ್ತಾರೆ, ಅನಂತರ ಗಂಡು ನೋಡತೊಡಗುತ್ತಾರೆ. ಕಿರುಕುಳ ಕೊಟ್ಟವನು ಮಾತ್ರ ಎಂದಿನಂತೆ ತರಗತಿಯಲ್ಲಿ ಕುಳಿತಿರುತ್ತಾನೆ. ಇದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ಬರೆದವನು ಯಾರೆಂದು ತಿಳಿಯದಿದ್ದಾಗ ಮಗುವಿಗೆ ಇಡೀ ತರಗತಿಯೇ ಶತ್ರುವಾಗಿ ಕಾಣುತ್ತದೆ. ನಿದ್ದೆ ಕೆಡುತ್ತದೆ, ಊಟ ಸೇರದು, ಬೆಳಗಾದರೆ ಹೊಟ್ಟೆನೋವಿನ ನೆಪ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಅದನ್ನು ಸೋಮಾರಿತನವೆಂದು ಗದರುತ್ತಾನೆ.

ಕಾನೂನು ಇಲ್ಲವೇ? ಇದೆ, ಚೂರುಚೂರಾಗಿ. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಂತೆ 3 ವರ್ಷಗಳವರೆಗೆ ಸಜೆಯುಂಟು. ಹೆಣ್ಣುಮಕ್ಕಳನ್ನು ಅಂತರ್ಜಾಲದಲ್ಲಿ ಬೆನ್ನು ಹತ್ತಿದರೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿದೆ. ಆದರೆ ಚಿತ್ರವೂ ಇಲ್ಲದೆ ಬೆದರಿಕೆಯೂ ಇಲ್ಲದೆ, ಮೂವತ್ತು ಮಂದಿ ಸೇರಿ ಒಂದು ಮಗುವಿನ ಬಣ್ಣವನ್ನೋ ಜಾತಿಯನ್ನೋ ತೊದಲನ್ನೋ ದಿನವೂ ಹಂಗಿಸಿದರೆ ಯಾವ ಕಲಂ ಹಚ್ಚುವುದು? ತಂತ್ರಜ್ಞಾನ ಕಾಯಿದೆಯ ಅಪರಾಧವನ್ನು ಇನ್ಸ್‌ಪೆಕ್ಟರಿಗಿಂತ ಕೆಳಗಿನವರು ತನಿಖೆ ಮಾಡುವಂತೆಯೂ ಇಲ್ಲ. ಹಳ್ಳಿಯವರು ಜಿಲ್ಲೆಯ ಸೈಬರ್ ಠಾಣೆಯವರೆಗೆ ಅಲೆದರೆ ಒಂದು ದಿನದ ಕೂಲಿ ಹೋಯಿತು.

ಹಾಗಾದರೆ ಹೊಸ ಕಠಿಣ ಕಾನೂನು ತನ್ನಿರೆಂಬ ಕೂಗಿಗೆ ನಾವು ದನಿಗೂಡಿಸಲಾರೆವು. ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಸೆರೆಮನೆ ತೋರಿಸುತ್ತಿದ್ದ 66ಎ ಕಲಂ 2009ರಲ್ಲಿ ಜಾರಿಗೆ ಬಂತು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಅದು ಹಿಡಿದದ್ದು ಯಾವ ಪುಂಡನನ್ನೂ ಅಲ್ಲ. ಮುಂಬಯಿ ಬಂದ್ ಬಗ್ಗೆ ನಾಲ್ಕು ಮಾತು ಬರೆದ ಯುವತಿಯನ್ನು ಮತ್ತು ಅದನ್ನು ಮೆಚ್ಚಿದ ಗೆಳತಿಯನ್ನು. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಮುಷ್ಕರದ ಕರಪತ್ರ ಹಂಚಿದವರಿಗೆ, ಇಂಥ ಕಲಂ ಮೊದಲು ಯಾರ ಕುತ್ತಿಗೆಗೆ ಬೀಳುತ್ತದೆಂದು ನಾವು ಹೇಳಬೇಕಾಗಿಲ್ಲ.

ಮತ್ತೊಂದು ಮಾತು. ಕಿರುಕುಳ ಕೊಟ್ಟವನೂ ಎಷ್ಟೋ ವೇಳೆ ನಮ್ಮದೇ ಕೇರಿಯ ಹುಡುಗ. 18 ತುಂಬದವನನ್ನು 2015ರ ಬಾಲನ್ಯಾಯ ಕಾಯಿದೆಯಂತೆ ಲಾಕಪ್ಪಿಗೆ ಹಾಕುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಅದು ಸರಿಯೇ. ಅವನನ್ನು ಕೂರಿಸಿ ಮಾತನಾಡಿಸುವವರು ಶಾಲೆಯಲ್ಲಿರಬೇಕು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಪ್ತ ಸಮಾಲೋಚಕರನ್ನು ನೇಮಿಸಿ ಎಂಬುದೇ ನಮ್ಮ ಬೇಡಿಕೆ. ಮಕ್ಕಳ ಜಗಳದಿಂದಲೂ ಜಾಹೀರಾತಿನ ಹಣ ಎಣಿಸುವ ಕಂಪನಿಗಳಿಗೆ, ದೂರು ಬಂದ 24 ಗಂಟೆಯೊಳಗೆ ನಗ್ನಚಿತ್ರ ತೆಗೆಯಬೇಕೆಂದು 2021ರ ನಿಯಮಗಳೇ ಹೇಳಿದ್ದವು. ಅದನ್ನು ಮಾಡಿಸುವ ಅಧಿಕಾರಿ ನಮ್ಮ ಜಿಲ್ಲೆಯಲ್ಲಿ ಯಾರೆಂದು ಜಿಲ್ಲಾಡಳಿತ ಪ್ರಕಟಿಸಲಿ.

ಅಲ್ಲಿಯವರೆಗೆ ಓದುಗರು 1098 ಮಕ್ಕಳ ಸಹಾಯವಾಣಿಯನ್ನೂ, ಮನಸ್ಸಿನ ನೋವಿಗೆ 14416ನ್ನೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿರಿ. ಬಂದ ಬೆದರಿಕೆಯನ್ನು ಅಳಿಸದೆ ದಿನಾಂಕ ಸಮೇತ ಉಳಿಸಿಕೊಳ್ಳಿರಿ. ಹುಡುಗಿಯನ್ನು ಮಾತ್ರ ಮರುದಿನ ತಪ್ಪದೆ ಶಾಲೆಗೆ ಕಳುಹಿಸಿರಿ.